ಕೆರೆಯಂಗಳದಿಂದ ಹೆದ್ದಾರಿಗೆ

(ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಉದ್ದೇಶಿಸಿ ಮಾಡಿದ ಭಾಷಣ)



ಶಿಕ್ಷಣ ಸಂಸ್ಥೆಯ ಸಭೆಯಲ್ಲಿ ಬೈಕಿನ ವಿಷಯವೇ ಎಂದು ಹಿರಿಯರು ಹುಬ್ಬೇರಿಸಬಹುದು. ಆದರೆ ಪಿ.ಯು.ಸಿ. ಮುಗಿಸಿದ ಹುಡುಗ ಮನೆಯಲ್ಲಿ ಮೊದಲು ಕೇಳುವುದು ಕಾಲೇಜಿನ ಅರ್ಜಿಯನ್ನಲ್ಲ, ಬೈಕನ್ನು. ಇದು ನಿಮಗೂ ಗೊತ್ತು, ನನಗೂ ಗೊತ್ತು.

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಹುಡುಗರಲ್ಲಿ ಹೆಚ್ಚಿನವರು ಬೈಕು ಕಲಿಯುವುದು ಡ್ರೈವಿಂಗ್ ಸ್ಕೂಲಿನಲ್ಲಲ್ಲ. ನೀರು ಬತ್ತಿದ ಕೆರೆಯಂಗಳದಲ್ಲಿ, ಅಡಿಕೆ ತೋಟದ ಒಳದಾರಿಯಲ್ಲಿ, ಹೊಲದ ಬದಿಯ ಬಂಡಿಜಾಡಿನಲ್ಲಿ ಕಲಿಯುತ್ತಾರೆ. ಚಿಕ್ಕಪ್ಪನದೋ ಮಾವನದೋ ಹಳೆಯ ಯೆಜ್ಡಿ, ಆರ್‌ಎಕ್ಸ್ 100 ಸಿಕ್ಕರೆ ಅದರ ಕನ್ನಡಿ, ಇಂಡಿಕೇಟರು, ಮಡ್‌ಗಾರ್ಡು ಎಲ್ಲ ಕಳಚಿ, ಗಟ್ಟೆಗಟ್ಟೆ ಇರುವ ಟೈರು ಹಾಕಿಸಿದರೆ ಅದೇ ಅವರ ಡರ್ಟ್ ಬೈಕು. (ಯೆಜ್ಡಿ ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಬಂಡಿ. 1996ರಲ್ಲಿ ಕಾರ್ಖಾನೆ ಮುಚ್ಚಿದರೂ ಬಂಡಿಗಳು ಮಾತ್ರ ಇನ್ನೂ ಸದ್ದು ಮಾಡುತ್ತಿವೆ!)

ಒಬ್ಬ ವಿದ್ಯಾರ್ಥಿ ನನ್ನನ್ನು ಕೇಳಿದ: "ಸರ್, ಮೂರು ವರ್ಷದಿಂದ ಕೆರೆಯಲ್ಲಿ ಓಡಿಸಿದ್ದೀನಿ. ಕಲ್ಲು, ಮರಳು, ಕೆಸರು ಎಲ್ಲಾ ನೋಡಿದ್ದೀನಿ. ಟಾರ್ ರೋಡು ಅದಕ್ಕಿಂತ ಸುಲಭ ಅಲ್ವಾ?" ಪ್ರಶ್ನೆ ನ್ಯಾಯವಾದದ್ದೇ. ಮಣ್ಣಿನಲ್ಲಿ ಓಡಿಸಿದವನಿಗೆ ತೂಕ ತೂಗಿಸುವುದು, ಕ್ಲಚ್ಚು ಹಿಡಿಯುವುದು, ಚಕ್ರ ಜಾರಿದರೂ ಗಾಬರಿಯಾಗದಿರುವುದು ಬಂದಿರುತ್ತದೆ. ಆ ವಿದ್ಯೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹೊರಟುಹೋಗುವುದು ಬೇರೊಂದು. ಅದು ಅಂದಾಜು.

ಎರಡು ಭಾಷೆ ಪಾಠ ಮಾಡುವವನಾದ್ದರಿಂದ ಒಂದು ಮಾತು. ಈ ‘ಅಂದಾಜು’ ಉರ್ದುವಿನ ಅಂದಾಜಾ. ಪಾರಸಿಯಿಂದ ಹೊರಟು ನಮ್ಮ ಎರಡೂ ಮನೆಗಳಲ್ಲಿ ನೆಲೆಸಿದ ಶಬ್ದ. ಎಷ್ಟು ದೂರದಲ್ಲಿ ಬ್ರೇಕು ಹಿಡಿಯಬೇಕು, ಎದುರಿನ ಬಸ್ಸು ಎಷ್ಟು ಹೊತ್ತಿಗೆ ಬಂದೀತು ಎಂಬುದೆಲ್ಲ ಅಂದಾಜೇ. ಕೆರೆಯಂಗಳದಲ್ಲಿ ಕೂಡಿಟ್ಟ ಅಂದಾಜು ಡಾಂಬರಿನ ಮೇಲೆ ಸುಳ್ಳು ಹೇಳುತ್ತದೆ.

ಮೊದಲು ಬ್ರೇಕು. ಸಡಿಲ ಮಣ್ಣಿನಲ್ಲಿ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಒತ್ತಿದವನು ಕ್ಷಣದಲ್ಲಿ ನೆಲ ಕಾಣುತ್ತಾನೆ. ಹಾಗಾಗಿ ಹುಡುಗರು ಮುಂದಿನ ಬ್ರೇಕಿಗೆ ಹೆದರಿ, ಹಿಂದಿನದನ್ನೇ ತುಳಿದು, ಚಕ್ರ ಜಾರಿಸಿ ನಿಲ್ಲಿಸುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ಡಾಂಬರಿನಲ್ಲಿ ಲೆಕ್ಕ ತಿರುವುಮುರುವು. ಬ್ರೇಕು ಹಿಡಿದ ಕೂಡಲೇ ಬಂಡಿಯ ಭಾರ ಮುಂದಕ್ಕೆ ವಾಲುತ್ತದೆ. ಹಿಂದಿನ ಚಕ್ರ ಹಗುರವಾಗುತ್ತದೆ, ಮುಂದಿನದಕ್ಕೆ ಹಿಡಿತ ಹೆಚ್ಚುತ್ತದೆ. ನಿಲ್ಲಿಸುವ ಕೆಲಸದ ಬಹುಪಾಲು ಮುಂದಿನ ಬ್ರೇಕಿನದು. ಬರೀ ಹಿಂದಿನದನ್ನು ತುಳಿದವನು ಕಿರ್ರೆಂದು ಜಾರುತ್ತಾ ಬಸ್ಸಿನ ಹಿಂಭಾಗದವರೆಗೂ ಹೋಗುತ್ತಾನೆ. ಎರಡನ್ನೂ ಒಟ್ಟಿಗೆ ಹಿಡಿಯಿರಿ. ಮುಂದಿನದನ್ನು ಒಮ್ಮೆಲೇ ಕಿತ್ತಂತೆ ಹಿಡಿಯದೆ ಹಂತಹಂತವಾಗಿ ಬಿಗಿಯಿರಿ. ಗಟ್ಟೆ ಟೈರಿನಲ್ಲಿ ಇದನ್ನು ಪ್ರಯತ್ನಿಸಬೇಡಿ. ಅದರ ಗಟ್ಟೆಗಳ ತುದಿ ಮಾತ್ರ ಡಾಂಬರಿಗೆ ತಾಗುವುದರಿಂದ ಹಿಡಿತ ಕಡಿಮೆ. ಮಳೆಗಾಲದಲ್ಲಂತೂ ಕೇಳಲೇಬೇಡಿ.

ಎರಡನೆಯದು ವೇಗ. ಕರಿಹಲಗೆಯ ಲೆಕ್ಕ ಮಾಡೋಣ. ಗಂಟೆಗೆ 30 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 8 ಮೀಟರ್. ಎದುರಿಗೆ ಕರು ಬಂತು. ಕಣ್ಣು ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡು, ಆಮೇಲೆ ಒಣ ರಸ್ತೆಯಲ್ಲಿ ನಿಲ್ಲಲು ಸುಮಾರು 6 ಮೀಟರ್, ಒಟ್ಟು 14. ಅದೇ 60 ಕಿ.ಮೀ. ವೇಗದಲ್ಲಿ? 28 ಎಂದೀರಿ. ಅಲ್ಲ, ಸುಮಾರು 40 ಮೀಟರ್! ಬ್ರೇಕಿನ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಭೌತಶಾಸ್ತ್ರದ ಮೇಷ್ಟ್ರು ಇದನ್ನು ಹೇಳಿಯೇ ಇರುತ್ತಾರೆ. ನೀವು ಅಂಕಕ್ಕೆಂದು ಬರೆದು ಮರೆತಿರುತ್ತೀರಿ.

ಕೆರೆಯಂಗಳದಲ್ಲಿ ನಿಮ್ಮೆದುರು ಬರುವವರು ಯಾರೂ ಇರುವುದಿಲ್ಲ. ಕಡೂರು, ಬೀರೂರು, ತರೀಕೆರೆ ಮೂರೂ ಬೆಂಗಳೂರು–ಹೊನ್ನಾವರ ಹೆದ್ದಾರಿಯ ಮೇಲಿವೆ. ಹಿರಿಯರು ಇನ್ನೂ 206 ಎನ್ನುವ ಆ ರಸ್ತೆಗೆ ಈಗಿನ ಸಂಖ್ಯೆ 69. ನೀವೂ 60, ಎದುರಿನ ಬಸ್ಸೂ 60 ಎಂದರೆ ಸೆಕೆಂಡಿಗೆ 33 ಮೀಟರಿನಂತೆ ನಡುವಿನ ದೂರ ಕರಗುತ್ತದೆ. ಇನ್ನು ಸುಗ್ಗಿಯಲ್ಲಿ ನಮ್ಮ ಊರ ರಸ್ತೆಗಳು ಕಣವಾಗುತ್ತವೆ. ಹಾಸಿದ ಹುರುಳಿಯ ಮೇಲೆ ಬ್ರೇಕು ಹಿಡಿದರೆ ಗೋಲಿಗಳ ಮೇಲೆ ನಡೆದಂತೆ. ಮುಸ್ಸಂಜೆಯಲ್ಲಿ ಹಿಂದೀಪವಿಲ್ಲದ ಟ್ರಾಕ್ಟರ್ ಟ್ರೈಲರು ನಿಂತಿರುತ್ತದೆ. ಆಗ ಕಳಚಿಟ್ಟ ಕನ್ನಡಿಯ ಬೆಲೆಯೂ ಹೆಡ್‌ಲೈಟಿನ ಬೆಲೆಯೂ ತಿಳಿಯುತ್ತದೆ.

"ರೇಸಿನವರು ಹಾರಿಸುತ್ತಾರಲ್ಲ ಸರ್" ಎನ್ನುವವರಿಗೆ ನಮ್ಮ ರಾಜ್ಯದವರದೇ ಉದಾಹರಣೆ. ಬೆಂಗಳೂರಿನ ಸಿ.ಎಸ್. ಸಂತೋಷ್ ಮೋಟೋಕ್ರಾಸ್‌ನಿಂದ ಬಂದವರು. 2015ರಲ್ಲಿ ಡಾಕರ್ ರ್‍ಯಾಲಿ ಪೂರ್ತಿಗೊಳಿಸಿದ ಮೊದಲ ಭಾರತೀಯ, 36ನೆಯ ಸ್ಥಾನ. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಅದೇ ರ್‍ಯಾಲಿ ಮುಗಿಸಿದರು. ಆ ರ್‍ಯಾಲಿಯ ಒಂದು ಸಂಗತಿ ನಮ್ಮ ಹುಡುಗರಿಗೆ ತಿಳಿದಿರುವುದಿಲ್ಲ. ಮರಳುಗಾಡಿನ ಸ್ಪರ್ಧೆಯ ಭಾಗಕ್ಕೆ ಸವಾರರು ಸಾರ್ವಜನಿಕ ರಸ್ತೆಯಲ್ಲೇ ಹೋಗಿ ಸೇರಬೇಕು. ಅಲ್ಲಿ ವೇಗದ ಮಿತಿ ಉಂಟು, ಮೀರಿದರೆ ದಂಡ ಉಂಟು. ಬಂಡಿಗೆ ದೀಪವೂ ನಂಬರ್ ಪ್ಲೇಟೂ ಬೇಕು. ದಿನವೂ ಮಣ್ಣಿಗೂ ಡಾಂಬರಿಗೂ ಹೋಗಿಬರುವ ಆ ಸವಾರರೇ ಡಾಂಬರಿಗೆ ಬಂದಾಗ ಬೇರೆಯ ಮನುಷ್ಯರಾಗುತ್ತಾರೆ. ಮೈಮೇಲೆ ಹೆಲ್ಮೆಟ್, ಎದೆಗವಚ, ಮೊಣಕಾಲು ರಕ್ಷೆ, ಬೂಟು. ಇಷ್ಟಿದ್ದೂ 2021ರಲ್ಲಿ ಸಂತೋಷ್ ಬಿದ್ದು ತಲೆಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿದ್ದರು. ನಮ್ಮವರು ಹವಾಯಿ ಚಪ್ಪಲಿಯಲ್ಲಿ ಬೀರೂರು ಮುಟ್ಟಿ ಬರುತ್ತಾರೆ.

ಈಗ ಪೋಷಕರಿಗೆ. ಗೇರಿನ ಬೈಕಿಗೆ ಲೈಸೆನ್ಸ್ ಸಿಗುವುದು 18 ತುಂಬಿದ ಮೇಲೆ. ‘ಇಲ್ಲೇ ಅಂಗಡಿಗೆ ತಾನೆ’ ಎಂದು ಕೀಲಿ ಕೊಡುವವರು 2019ರ ತಿದ್ದುಪಡಿಯನ್ನು ಕೇಳಿಸಿಕೊಳ್ಳಬೇಕು. ಅಪ್ರಾಪ್ತ ವಯಸ್ಕ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಬಂಡಿಯ ಮಾಲೀಕರಿಗೆ 3 ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ಬಂಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದೆ ಬಂಡಿ ಓಡಿಸುವ ಕೆಲಸ ಯಾವುದೂ ಸಿಗುವುದಿಲ್ಲ ಎಂಬುದನ್ನೂ ಸೇರಿಸಿಕೊಳ್ಳಿ. ಕೆಎ 66ರ ಸಾರಿಗೆ ಕಚೇರಿ ತರೀಕೆರೆಯಲ್ಲೇ ಇದೆ. ಕಲಿಕಾ ಲೈಸೆನ್ಸ್ ಪಡೆದು 30 ದಿನ ಕಳೆದರೆ ಪರೀಕ್ಷೆ ಕೊಡಬಹುದು.

ಮೊದಲ ಬೈಕು 100, 125 ಸಿಸಿಯದು ಸಾಕು ಎಂಬುದು ನನ್ನ ಅಭಿಪ್ರಾಯ, ಹುಡುಗರು ಒಪ್ಪುವುದಿಲ್ಲ. ಇನ್ನೂ ದೊಡ್ಡದನ್ನೇ ಕೊಳ್ಳುವುದಾದರೆ, 125 ಸಿಸಿ ಮೀರಿದ ಹೊಸ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಗಿದೆ. ಬ್ರೇಕು ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ಅದು ತಡೆಯುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಅದು ಇದೆಯೇ ಎಂದು ಕೇಳಿ. ಹೆಲ್ಮೆಟ್ಟಿನ ಮೇಲೆ ಐಎಸ್‌ಐ ಗುರುತು ಇರಲಿ. ಪಟ್ಟಿ ಗದ್ದದ ಕೆಳಗೆ ಬಿಗಿದಿರಲಿ, ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತ ಹೆಲ್ಮೆಟ್ಟು ಟ್ಯಾಂಕನ್ನಷ್ಟೇ ಕಾಯುತ್ತದೆ.

ಬೈಕು ಮನೆಗೆ ಬಂದ ಮೊದಲ ವಾರ, ಲೈಸೆನ್ಸ್ ಕೈಯಲ್ಲಿದ್ದರೂ ಹೆದ್ದಾರಿಗೆ ಹೋಗಬೇಡಿ. ಬೆಳಗಿನ ಹೊತ್ತು ಜನರಿಲ್ಲದ ಗಟ್ಟಿ ನೆಲದ ಜಾಗದಲ್ಲಿ ಸುಣ್ಣದ ಗೆರೆ ಎಳೆದು, 20, 30, 40ರ ವೇಗದಲ್ಲಿ ಗೆರೆಯಿಂದ ಎಷ್ಟು ಹೆಜ್ಜೆಗೆ ನಿಂತಿರಿ ಎಂದು ಅಳೆಯಿರಿ. ಬಳಿಕ ಗೆಳೆಯನೊಬ್ಬನಿಗೂ ಹೆಲ್ಮೆಟ್ ಹಾಕಿಸಿ, ಹಿಂದೆ ಕೂರಿಸಿಕೊಂಡು ಅದೇ ಗೆರೆಯಲ್ಲಿ ಮತ್ತೆ ಅಳೆಯಿರಿ. ಆ ಎರಡು ಸಂಖ್ಯೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಮೇಲೆ ಅಮ್ಮಿಯನ್ನೋ ತಂಗಿಯನ್ನೋ ಕೂರಿಸಿಕೊಂಡು ಸಂತೆಗೆ ಹೊರಡಿ.