ವೆಬ್ ಸರ್ವರಿಗೆ ನಮ್ಮದೇ ಕಟ್ಟಳೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ಸಂಘದ ಹಳೆಯ ಸಂಚಿಕೆಗಳನ್ನು ಬೆರಳಚ್ಚು ಮಾಡಿ ಅಂತರ್ಜಾಲದಲ್ಲಿ ಇರಿಸಬೇಕೆಂಬ ಅಪೇಕ್ಷೆ ಹಲವರಲ್ಲಿದೆ. ದೂರದೂರುಗಳಲ್ಲಿ ನೆಲಸಿರುವ ನಮ್ಮ ಮಕ್ಕಳಿಗೆ ಅವು ತಲಪಲು ಇದಕ್ಕಿಂತ ಸುಲಭವಾದ ಮಾರ್ಗವಿಲ್ಲ. ಆ ಕಾರ್ಯಕ್ಕೆ ಬೇಕಾದ ಉಪಕರಣವೊಂದರ ವಿಚಾರವನ್ನು ತಮ್ಮಲ್ಲಿ ಅರಿಕೆ ಮಾಡುತ್ತೇನೆ.

ಕೇಳಿದವರಿಗೆ ಕೇಳಿದ ಪುಟವನ್ನು ಒದಗಿಸುವ ತಂತ್ರಾಂಶವೇ ವೆಬ್ ಸರ್ವರ್. ರಷ್ಯದ ಇಗೊರ್ ಸಿಸೊಯೆವ್ ಎಂಬವರು 2004ರಲ್ಲಿ ಲೋಕಕ್ಕಿತ್ತ ಎಂಜಿನ್‌ಎಕ್ಸ್ ಅವುಗಳಲ್ಲಿ ಪ್ರಸಿದ್ಧವಾದುದು. ಇದನ್ನು ಯಂತ್ರದಲ್ಲಿ ನೇರವಾಗಿ ನೆಲೆಗೊಳಿಸದೆ, ಬೇಕಾದ ಸಾಮಗ್ರಿಯನ್ನೆಲ್ಲ ಒಳಗೊಂಡ ಪ್ರತ್ಯೇಕ ಆವರಣದಲ್ಲಿ ನಡೆಸಬಹುದು. ಆ ಆವರಣಕ್ಕೆ ಕಂಟೇನರ್ ಎಂದು ಹೆಸರು. 2013ರಲ್ಲಿ ಹೊರಬಂದ ಡಾಕರ್ ಈ ಪದ್ಧತಿಯನ್ನು ಬಹು ಪ್ರಚಾರಕ್ಕೆ ತಂದಿತು. ಇಮೇಜ್ ಎಂಬ ಒಂದೇ ಅಚ್ಚಿನಿಂದ ಎಷ್ಟು ಕಂಟೇನರುಗಳನ್ನಾದರೂ ತೆಗೆಯಬಹುದು.

ಅಚ್ಚು ಎಲ್ಲರಿಗೂ ಒಂದೇ. ಅಗತ್ಯ ಮಾತ್ರ ಅವರವರದು. ಕನ್ನಡದ ಒಂದೊಂದು ಯೂನಿಕೋಡ್ ಸಂಕೇತವೂ ಯುಟಿಎಫ್-8 ಕ್ರಮದಲ್ಲಿ 3 ಬೈಟುಗಳನ್ನು ಬೇಡುತ್ತದೆ. ಎಂಜಿನ್‌ಎಕ್ಸ್ ತಾನಾಗಿ ಈ ಕ್ರಮವನ್ನು ಓದುಗನ ಯಂತ್ರಕ್ಕೆ ತಿಳಿಸುವುದಿಲ್ಲ. ಪುಟದೊಳಗೇ ಆ ಸೂಚನೆಯಿದ್ದರೆ ಚಿಂತೆಯಿಲ್ಲ. ಬರಿಯ ಪಠ್ಯದ ಕಡತವಾದರೆ, ಯಂತ್ರವು ತಪ್ಪಾಗಿ ಊಹಿಸಿ ಕಕಾರವೊಂದರ ಸ್ಥಾನದಲ್ಲಿ ಅರ್ಥವಿಲ್ಲದ ಮೂರು ಚಿಹ್ನೆಗಳನ್ನು ತೋರೀತು! ಸರ್ವರಿನ ಕಟ್ಟಳೆಯ ಕಡತದಲ್ಲಿ ‘ಚಾರ್‌ಸೆಟ್ ಯುಟಿಎಫ್-8’ ಎಂಬ ಒಂದು ಸಾಲನ್ನು ಸೇರಿಸಿದರೆ ಈ ವಿಪತ್ತು ತಪ್ಪುತ್ತದೆ.

ಆ ಸಾಲನ್ನು ಎಲ್ಲಿ ಬರೆಯಬೇಕೆಂಬುದೇ ಮುಖ್ಯ ಪ್ರಶ್ನೆ. ಕಂಟೇನರಿನೊಳಹೊಕ್ಕು ತಿದ್ದಿದರೆ ಅಂದಿನ ಕೆಲಸ ನಡೆಯುತ್ತದೆ. ಅದನ್ನು ನಿಲ್ಲಿಸಿ ಮರಳಿ ಆರಂಭಿಸಿದರೂ ತಿದ್ದುಪಡಿ ಉಳಿಯುತ್ತದೆ. ಹೊಸ ಆವೃತ್ತಿಗಾಗಿ ಹಳೆಯ ಕಂಟೇನರನ್ನು ತೆಗೆದು ಬೇರೊಂದನ್ನು ಹೂಡಿದಾಗ ತಿದ್ದಿದುದೆಲ್ಲವೂ ಅಳಿಯುತ್ತದೆ. ಆದಕಾರಣ ಕಟ್ಟಳೆಯನ್ನೂ ಪುಟಗಳನ್ನೂ ಹೊರಗೆ, ನಮ್ಮ ಕೋಶಗಳಲ್ಲಿಯೇ ಇಟ್ಟು, ಓದಲು ಮಾತ್ರ ಅನುಮತಿಯಿತ್ತು, ಕಂಟೇನರಿನೊಳಗಿನ ತಕ್ಕ ಕೋಶಗಳ ಮೇಲೆ ಜೋಡಿಸಬೇಕು. ಇದೇ ಮೌಂಟ್. ಹೀಗೆ ಜೋಡಿಸಿದಾಗ ಅಲ್ಲಿದ್ದ ಮೂಲ ಕಡತಗಳು ಮರೆಯಾಗುವುದರಿಂದ ನಮ್ಮ ಕಟ್ಟಳೆ ಪರಿಪೂರ್ಣವಾಗಿರಬೇಕು. ಹೊರಗಿನ 8080ನೆಯ ಪೋರ್ಟನ್ನು ಒಳಗಿನ 80ಕ್ಕೆ ಹೊಂದಿಸಬೇಕು. ಬರೆದ ಕಟ್ಟಳೆಯ ವ್ಯಾಕರಣವನ್ನು ‘ಎಂಜಿನ್‌ಎಕ್ಸ್ -ಟಿ’ ಎಂಬ ಆಜ್ಞೆಯಿಂದ ಪರೀಕ್ಷಿಸಿ, ಅನಂತರವೇ ಜಾರಿಗೆ ತರಬೇಕು.

ಯಂತ್ರ ಕೆಡಬಹುದು, ಬಾಡಿಗೆಯ ನೆಲೆ ಕೈತಪ್ಪಬಹುದು. ಆ ಕೋಶಗಳ ಪ್ರತಿಯೊಂದು ಬೇರೆಡೆ ಸುರಕ್ಷಿತವಾಗಿದ್ದರೆ, ಹಿರಿಯರ ಬರಹಗಳು ಮತ್ತೊಂದು ಯಂತ್ರದಲ್ಲಿ ಅಕ್ಷರ ಕೆಡದೆ ತೆರೆದುಕೊಳ್ಳುತ್ತವೆ. ಈ ಹೊಣೆಯನ್ನು ಸಂಘದ ತರುಣರು ವಹಿಸಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.