ಸವೆದ ಟೈರು ಎಲ್ಲಿಗೆ ಹೋಗುತ್ತದೆ?



ವಾಹನ ಮಾಲಿನ್ಯವೆಂದರೆ ನಮ್ಮ ಕಣ್ಣ ಮುಂದೆ ಬರುವುದು ಹೊಗೆ ಕೊಳವೆ. ಹೊಗೆ ತಪಾಸಣೆಯ ಪ್ರಮಾಣಪತ್ರವನ್ನು ಜೇಬಿಗಿಟ್ಟುಕೊಂಡರೆ ಹೊಣೆ ಮುಗಿಯಿತೆಂದು ನಾವು ಭಾವಿಸುತ್ತೇವೆ. ಆದರೆ ಹೊಸ ಟೈರಿನ ಆಳವಾದ ಗೆರೆಗಳು ಕೆಲವೇ ವರ್ಷಗಳಲ್ಲಿ ಅಳಿಸಿಹೋಗಿ ಟೈರು ನುಣ್ಣಗಾಗುತ್ತದಲ್ಲ, ಆ ರಬ್ಬರ್ ಎಲ್ಲಿಗೆ ಹೋಯಿತೆಂದು ನಾವೆಂದಾದರೂ ಕೇಳಿಕೊಂಡಿದ್ದೇವೆಯೇ?

ಕಾರಿನ ಟೈರೊಂದು ತನ್ನ ಆಯುಷ್ಯ ಮುಗಿಸುವ ಹೊತ್ತಿಗೆ ತೂಕದ ಹತ್ತನೆಯ ಒಂದು ಭಾಗದಷ್ಟನ್ನಾದರೂ ಕಳೆದುಕೊಂಡಿರುತ್ತದೆ. ಅದು ಡಾಂಬರಿನ ಪುಡಿಯೊಂದಿಗೆ ಬೆರೆತು ಸೂಕ್ಷ್ಮ ಕಣಗಳಾಗಿ ರಸ್ತೆಯ ಮೇಲೆ ಬೀಳುತ್ತದೆ. ಒಂದಂಶ ಗಾಳಿಗೆ ಏರುತ್ತದೆ, ಉಳಿದದ್ದನ್ನು ಮಳೆ ತೊಳೆದು ಚರಂಡಿಗೆ, ಅಲ್ಲಿಂದ ಹೊಳೆಗೆ ಒಯ್ಯುತ್ತದೆ. ಟೈರೆಂದರೆ ಬರೀ ಮರದ ಹಾಲಿನ ರಬ್ಬರ್ ಅಲ್ಲ. ಪೆಟ್ರೋಲಿಯಂನಿಂದ ತಯಾರಿಸಿದ ಕೃತಕ ರಬ್ಬರ್, ಇಂಗಾಲದ ಮಸಿ, ಗಂಧಕ, ಸತು ಹಾಗೂ ಹಲವು ರಾಸಾಯನಿಕಗಳು ಅದರಲ್ಲಿವೆ.

ಇದರ ಪರಿಣಾಮ ಮೊದಲು ಸ್ಪಷ್ಟವಾಗಿ ಕಂಡದ್ದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ. ಕೋಹೋ ಸಾಲ್ಮನ್ ಎಂಬ ಮೀನು ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ತಾನು ಹುಟ್ಟಿದ ಹೊಳೆಗೇ ಮರಳುತ್ತದೆ. ಸಿಯಾಟಲ್ ನಗರದ ಸುತ್ತಲಿನ ಹೊಳೆಗಳನ್ನು ಶ್ರಮಪಟ್ಟು ಶುಚಿಗೊಳಿಸಲಾಗಿತ್ತು, ಮೀನುಗಳೂ ಮರಳಿದವು. ಆದರೆ ಮಳೆ ಬಂದೊಡನೆ ಅವು ಬಾಯಿ ತೆರೆದು, ನೀರಿನ ಮೇಲ್ಭಾಗದಲ್ಲಿ ದಿಕ್ಕುತಪ್ಪಿ ಸುತ್ತುತ್ತಾ, ಕೆಲವೇ ಗಂಟೆಗಳಲ್ಲಿ ಸಾಯುತ್ತಿದ್ದವು. ಸತ್ತ ಹೆಣ್ಣು ಮೀನುಗಳ ಹೊಟ್ಟೆಯಲ್ಲಿ ಮೊಟ್ಟೆಗಳು ಹಾಗೆಯೇ ಉಳಿದಿದ್ದವು!

ಕಾರಣ ಹುಡುಕಲು ವಿಜ್ಞಾನಿಗಳಿಗೆ ಹಲವು ವರ್ಷಗಳು ಬೇಕಾದವು. ಟೈರಿನ ಪುಡಿ ನೆನೆಸಿದ ನೀರಿನಲ್ಲಿದ್ದ ಸುಮಾರು ಎರಡು ಸಾವಿರ ರಾಸಾಯನಿಕಗಳನ್ನು ಒಂದೊಂದಾಗಿ ಬೇರ್ಪಡಿಸುತ್ತಾ ಹೋಗಿ, 2020ರ ಡಿಸೆಂಬರ್‌ನಲ್ಲಿ ಝೆನ್ಯು ತಿಯಾನ್, ಎಡ್ವರ್ಡ್ ಕೊಲೊಡ್ಜೀ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಉತ್ತರ ಪ್ರಕಟಿಸಿದರು. ಟೈರು ಬಿರುಕು ಬಿಡದಿರಲೆಂದು ‘6ಪಿಪಿಡಿ’ ಎಂಬ ವಸ್ತುವನ್ನು ಬೆರೆಸುತ್ತಾರೆ. ಅದು ಗಾಳಿಯಲ್ಲಿನ ಓಝೋನ್ ಜೊತೆ ಸೇರಿ ‘6ಪಿಪಿಡಿ-ಕ್ವಿನೋನ್’ ಎಂಬ ವಿಷವಾಗುತ್ತದೆ. ಟೈರನ್ನು ಕಾಯುವ ವಸ್ತುವೇ ಮೀನನ್ನು ಕೊಲ್ಲುತ್ತಿತ್ತು. ಮನುಷ್ಯರ ಮೂತ್ರದಲ್ಲೂ ಇದು ಪತ್ತೆಯಾಗಿದೆ. ನಮ್ಮ ದೇಹಕ್ಕೆ ಎಷ್ಟು ಹಾನಿಯೆಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಈ ಅನ್ಯಾಯವನ್ನು ಸರಕಾರದ ಬಾಗಿಲಿಗೆ ಒಯ್ದವರು ಯಾರು? ಆ ಮೀನನ್ನೇ ನಂಬಿ ಬದುಕಿದ ಮೂಲನಿವಾಸಿಗಳು. 2023ರಲ್ಲಿ ಯುರೋಕ್, ಪುಯಾಲಪ್ ಮುಂತಾದ ಬುಡಕಟ್ಟುಗಳು ಸಲ್ಲಿಸಿದ ಮನವಿಯನ್ನು ಅಮೆರಿಕದ ಪರಿಸರ ಸಂಸ್ಥೆ ಅದೇ ವರ್ಷ ಅಂಗೀಕರಿಸಿತು. ಕಾರುಗಳ ಸಂಖ್ಯೆ ಹೆಚ್ಚಿಸಿದವರು ಅವರಲ್ಲ, ನಷ್ಟ ಮಾತ್ರ ಅವರದ್ದು.

ನಮ್ಮಲ್ಲಿ? 2020ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಬಿಎಸ್-6 ನಿಯಮ ಹೊಗೆಯನ್ನು ಬಿಗಿಯಾಗಿ ಕಟ್ಟಿಹಾಕಿತು, ಅದು ಸ್ವಾಗತಾರ್ಹ. ಆದರೆ ಟೈರಿನ ಸವೆತಕ್ಕೆ ಅದರಲ್ಲಿ ಮಿತಿಯಿಲ್ಲ. ಯುರೋಪ್ ಒಕ್ಕೂಟ 2024ರಲ್ಲಿ ಅಂಗೀಕರಿಸಿದ ಯುರೋ-7 ನಿಯಮ ಬ್ರೇಕಿನ ಕಣಗಳನ್ನೂ ಟೈರಿನ ಸವೆತವನ್ನೂ ಮಿತಿಯೊಳಗೆ ತಂದಿದೆ. ಕಾನ್ಪುರ ಐಐಟಿ 2016ರಲ್ಲಿ ದೆಹಲಿಯ ಬಗ್ಗೆ ನೀಡಿದ ವರದಿ, ಅಲ್ಲಿನ ದೊಡ್ಡ ಕಣಗಳ ಹೊರಸೂಸುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ರಸ್ತೆ ಧೂಳಿನದ್ದೆಂದು ಹೇಳಿತ್ತು. ಅದರ ಬಹುಪಾಲು ಮಣ್ಣೇ ಇರಬಹುದು, ಆದರೆ ಟೈರಿನ ಪುಡಿಯೂ ಅದರೊಳಗೇ ಇದೆ. ರಸ್ತೆಬದಿಯಲ್ಲಿ ದಿನವಿಡೀ ಕುಳಿತು ಹಣ್ಣು ಮಾರುವವರು, ಪಂಕ್ಚರ್ ಹಾಕುವವರು ಉಸಿರಾಡುವುದು ಅದನ್ನೇ. ಅವರಲ್ಲಿ ನಮ್ಮವರೂ ಕಡಿಮೆಯಿಲ್ಲ.

ವಿದ್ಯುತ್ ವಾಹನ ಬಂದರೆ ಎಲ್ಲವೂ ಸರಿಯಾಗುತ್ತದೆಯೆಂಬ ಪ್ರಚಾರವನ್ನೂ ಪೂರ್ತಿ ನಂಬುವಂತಿಲ್ಲ. ಅದರಲ್ಲಿ ಹೊಗೆಯಿಲ್ಲ, ಬ್ರೇಕಿನ ಸವೆತವೂ ಕಡಿಮೆ. ಆದರೆ ಬ್ಯಾಟರಿಯ ಭಾರದಿಂದ ಟೈರು ಹೆಚ್ಚು ಸವೆಯುತ್ತದೆ.

ಟೈರಿನ ಗಾಳಿಯನ್ನು ಸರಿಯಾಗಿಡುವುದು, ಅನಗತ್ಯ ವೇಗ ಹಾಗೂ ಹಠಾತ್ ಬ್ರೇಕು ಬಿಡುವುದು ನಮ್ಮ ಕೈಯಲ್ಲಿದೆ. ಇನ್ನೊಂದು ಕೆಲಸ ಪುರಸಭೆಯದ್ದು. ವಾಷಿಂಗ್ಟನ್ನಿನ ಸಂಶೋಧಕರು ರಸ್ತೆಯ ಮಳೆನೀರನ್ನು ಮರಳು, ಗೊಬ್ಬರ ಬೆರೆಸಿದ ಮಣ್ಣಿನ ಮೂಲಕ ಸೋಸಿ ನೋಡಿದರು. ಸೋಸದ ನೀರಿನಲ್ಲಿ ಮೀನು ಸತ್ತಿತು, ಸೋಸಿದ ನೀರಿನಲ್ಲಿ ಬದುಕಿತು. ರಸ್ತೆ ಅಗಲೀಕರಣದ ಹೆಸರಿನಲ್ಲಿ ಬದಿಯ ಮಣ್ಣಿಗೂ ಕಾಂಕ್ರೀಟ್ ಹಾಸಿ, ಚರಂಡಿಯನ್ನು ನೇರವಾಗಿ ಕೆರೆಗೆ ಬಿಡುವ ಯೋಜನೆ ನಮ್ಮ ವಾರ್ಡಿಗೆ ಬಂದಾಗ ಕೌನ್ಸಿಲರನ್ನು ಕೇಳಬೇಕಾದ ಪ್ರಶ್ನೆ ಇದೇ: ಈ ನೀರನ್ನು ಎಲ್ಲಿ ಸೋಸುತ್ತೀರಿ?