ಒಂದು ಹೆಣ್ಮಕ್ಕಳ ವಸತಿಶಾಲೆಯ ಕಡತ

(ಶಿಕ್ಷಣ ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದು ನಾವು ನಿಮ್ಮ ಮುಂದಿಡಲು ಬಯಸುವುದು ಕೇವಲ ಹದಿನೇಳು ತಿಂಗಳು ನಡೆದ ಒಂದು ಶಾಲೆಯ ವೃತ್ತಾಂತವನ್ನು. ಅದು ನಮ್ಮ ನಾಡಿನ ಶಾಲೆಯಲ್ಲ. ಅಮೇರಿಕದ ಕನೆಕ್ಟಿಕಟ್ ರಾಜ್ಯದ ಕ್ಯಾಂಟರ್ಬರಿ ಎಂಬ ಸಣ್ಣ ಊರಿನಲ್ಲಿ 1833ರ ಎಪ್ರಿಲ್‌ನಿಂದ 1834ರ ಸೆಪ್ಟೆಂಬರ್‌ವರೆಗೆ ಕಪ್ಪುವರ್ಣೀಯ ಹೆಣ್ಮಕ್ಕಳಿಗಾಗಿ ನಡೆದ ವಸತಿಶಾಲೆ ಅದು. ಅದನ್ನು ಮುಚ್ಚಿಸಲು ಊರ ಸಭೆ ಸೇರಿತು, ರಾಜ್ಯದ ಶಾಸನಸಭೆ ಕಾನೂನು ಮಾಡಿತು, ನ್ಯಾಯಾಲಯ ಮೂರು ಬಾರಿ ವಿಚಾರಣೆ ನಡೆಸಿತು. ಕೊನೆಗೆ ಶಾಲೆ ಮುಚ್ಚಿಯೂ ಹೋಯಿತು. ಆದರೆ ಅದರ ದಾಖಲೆಗಳು ಉಳಿದುಕೊಂಡವು. ಜಾಹೀರಾತು, ಸಭೆಯ ಠರಾವು, ಕಾನೂನಿನ ಪ್ರತಿ, ವಕೀಲರ ವಾದದ ವರದಿ, ಪತ್ರಿಕೆಗೆ ಬರೆದ ಓಲೆಗಳು, ಕುಟುಂಬದವರು ಜೋಪಾನ ಮಾಡಿದ ಪತ್ರಗಳು. ಇವುಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಓದಿದಾಗ ಕಾಣುವುದೇನು ಎಂಬುದೇ ನಮ್ಮ ಇಂದಿನ ವಿಷಯ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಯಾವ ದಾಖಲೆಯನ್ನೇ ಆಗಲಿ ಓದುವ ಮುನ್ನ ಇದನ್ನು ಬರೆದವರಾರು, ಯಾರಿಗಾಗಿ ಬರೆದರು, ಬರೆಯುವಾಗ ಅವರ ಕೈಯಲ್ಲಿ ಎಷ್ಟು ಅಧಿಕಾರವಿತ್ತು ಎಂದು ಕೇಳಿಕೊಳ್ಳಬೇಕು. ಸರಕಾರಿ ಮುದ್ರೆ ಬಿದ್ದ ಮಾತ್ರಕ್ಕೆ ಕಾಗದವೊಂದು ಸತ್ಯವಾಗುವುದಿಲ್ಲ. ಹುಡುಗಿಯೊಬ್ಬಳು ಬರೆದ ಮಾತ್ರಕ್ಕೆ ಅದು ಹಗುರವೂ ಆಗುವುದಿಲ್ಲ.

ಶಾಲೆಯ ಸ್ಥಾಪಕಿ ಪ್ರೂಡೆನ್ಸ್ ಕ್ರ್ಯಾಂಡಲ್. 1803ರಲ್ಲಿ ಕ್ವೇಕರ್ ಪಂಥದ ಕುಟುಂಬದಲ್ಲಿ ಜನಿಸಿದ ಬಿಳಿಯ ಮಹಿಳೆ. 1831ರಲ್ಲಿ ಕ್ಯಾಂಟರ್ಬರಿಯ ಗಣ್ಯರೇ ಆಕೆಯನ್ನು ಆಹ್ವಾನಿಸಿ, ತಮ್ಮ ಹೆಣ್ಮಕ್ಕಳಿಗಾಗಿ ಶಾಲೆ ತೆರೆಯುವಂತೆ ಕೋರಿದರು. ಊರ ನಡುವಿನ ದೊಡ್ಡ ಮನೆಯೊಂದನ್ನು ಆಕೆ ಸಾಲ ಮಾಡಿ ಕೊಂಡರು. ಓದು ಬರಹ, ಲೆಕ್ಕ, ವ್ಯಾಕರಣ, ಭೂಗೋಲ, ಚರಿತ್ರೆಗಳ ಜೊತೆಗೆ ರಸಾಯನಶಾಸ್ತ್ರ ಮತ್ತು ಖಗೋಲಶಾಸ್ತ್ರವನ್ನೂ ಕಲಿಸುವ ಶಾಲೆ ಅದಾಗಿತ್ತು. ಊರಿಗೆ ಅದು ಹೆಮ್ಮೆಯ ಸಂಸ್ಥೆ. ಒಂದು ವರ್ಷದವರೆಗೆ ಯಾರಿಗೂ ಯಾವ ದೂರೂ ಇರಲಿಲ್ಲ.

1832ರ ಶರತ್ಕಾಲದಲ್ಲಿ ಸಾರಾ ಹ್ಯಾರಿಸ್ ಎಂಬ ಇಪ್ಪತ್ತರ ಯುವತಿ ಬಂದು ಪ್ರವೇಶ ಕೇಳಿದಳು. ಆಕೆ ಗುಲಾಮಳಲ್ಲ, ಸ್ವತಂತ್ರ ಕಪ್ಪುವರ್ಣೀಯ ರೈತನ ಮಗಳು. ಅವಳ ಬೇಡಿಕೆ ಬಹಳ ಸಣ್ಣದಾಗಿತ್ತು. ತನ್ನ ಜನಾಂಗದ ಮಕ್ಕಳಿಗೆ ಕಲಿಸಬಲ್ಲಷ್ಟು ವಿದ್ಯೆ ತನಗೆ ಬೇಕು, ಅಷ್ಟೆ. ಕ್ರ್ಯಾಂಡಲ್ ಯೋಚಿಸಿದರು, ಬಳಿಕ ಒಪ್ಪಿದರು. ಬಿಳಿಯ ಹೆತ್ತವರು ಸಿಟ್ಟಾದರು. ಈ ಹುಡುಗಿಯನ್ನು ಕಳುಹಿಸದಿದ್ದರೆ ಶಾಲೆ ಉಳಿಯದು ಎಂದು ಪಾದ್ರಿಯೊಬ್ಬರ ಪತ್ನಿ ಬಂದು ಎಚ್ಚರಿಸಿದರು. ಶಾಲೆ ಮುಳುಗುವುದಾದರೆ ಮುಳುಗಲಿ, ಅವಳನ್ನು ಹೊರಗೆ ಹಾಕಲಾರೆ ಎಂಬರ್ಥದ ಉತ್ತರ ಕೊಟ್ಟುದಾಗಿ ಕ್ರ್ಯಾಂಡಲ್ 1833ರಲ್ಲಿ ಪತ್ರಿಕೆಗೆ ಬರೆದ ಓಲೆಯಲ್ಲಿ ತಾವೇ ಹೇಳಿಕೊಂಡಿದ್ದಾರೆ.

ಬಿಳಿಯ ವಿದ್ಯಾರ್ಥಿನಿಯರು ಒಬ್ಬೊಬ್ಬರಾಗಿ ಶಾಲೆ ಬಿಟ್ಟರು. ಆಗ ಅವರು ತೆಗೆದುಕೊಂಡ ತೀರ್ಮಾನವು ವಿರೋಧಿಗಳನ್ನು ದಂಗುಬಡಿಸಿತು. 1833ರ ಮಾರ್ಚ್ 2ರ 'ಲಿಬರೇಟರ್' ಪತ್ರಿಕೆಯಲ್ಲಿ ಒಂದು ಜಾಹೀರಾತು ಪ್ರಕಟವಾಯಿತು. ಎಪ್ರಿಲ್‌ನ ಮೊದಲ ಸೋಮವಾರದಿಂದ ಕಪ್ಪುವರ್ಣೀಯ ಯುವತಿಯರು ಮತ್ತು ಬಾಲಕಿಯರಿಗಾಗಿ ಶಾಲೆ ತೆರೆಯಲಿದೆ. ಮೂರು ತಿಂಗಳಿಗೆ ವಸತಿ ಮತ್ತು ಶಿಕ್ಷಣ ಶುಲ್ಕ 25 ಡಾಲರ್, ಅರ್ಧ ಮುಂಗಡ. ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ವಿಲಿಯಂ ಲಾಯ್ಡ್ ಗ್ಯಾರಿಸನ್ ಆ ಪತ್ರಿಕೆಯ ಸಂಪಾದಕರು.

ಮಾರ್ಚ್ 9ರಂದು ಊರ ಸಭೆ ಸೇರಿತು. ಆ ಸಭೆಯ ಠರಾವನ್ನು ಗಮನವಿಟ್ಟು ಓದಬೇಕು. ಅದರಲ್ಲಿ ಬೈಗುಳವಿಲ್ಲ, ದ್ವೇಷದ ಘೋಷಣೆಯಿಲ್ಲ. ಇಂತಹ ಶಾಲೆಯಿಂದ ಬೇರೆ ರಾಜ್ಯಗಳ ಜನರು ದೊಡ್ಡ ಸಂಖ್ಯೆಯಲ್ಲಿ ಬಂದು ಸೇರುತ್ತಾರೆ, ಅವರ ನಡೆನುಡಿ ನಮಗೆ ತಿಳಿಯದು, ಆದ್ದರಿಂದ ಊರವರ ಜೀವ, ಸೊತ್ತು ಮತ್ತು ಮಾನಕ್ಕೆ ಭದ್ರತೆ ಇರಲಾರದು ಎಂಬುದು ಅದರ ಸಾರ. ಎಷ್ಟು ಸಭ್ಯವಾದ ಭಾಷೆ! ಬರುವವರು ಯಾರು? ಪುಸ್ತಕದ ಚೀಲ ಹಿಡಿದ ಇಪ್ಪತ್ತು ಚಿಲ್ಲರೆ ಹುಡುಗಿಯರು. ಅವರಿಂದ ಊರಿಗೇ ಅಪಾಯವೆಂದು ದಾಖಲಾಯಿತು. ಕ್ರ್ಯಾಂಡಲ್‌ರ ಪರವಾಗಿ ಮಾತಾಡಲು ಬಂದಿದ್ದ ಪಾದ್ರಿ ಸ್ಯಾಮುಯೆಲ್ ಮೇ ಮತ್ತು ಆರ್ನಾಲ್ಡ್ ಬಫಮ್ ಅವರಿಗೆ ಸಭೆಯಲ್ಲಿ ಬಾಯಿ ತೆರೆಯಲೂ ಅವಕಾಶ ಸಿಗಲಿಲ್ಲ. ವಿರೋಧದ ನೇತೃತ್ವ ವಹಿಸಿದ್ದವರು ಊರಿನ ಪ್ರಮುಖ ವಕೀಲ ಮತ್ತು ರಾಜಕಾರಣಿ ಆಂಡ್ರೂ ಜಡ್ಸನ್. ಕಪ್ಪು ಜನರು ಈ ದೇಶದಲ್ಲಿ ಎಂದೂ ಮೇಲೇರಲಾರರು, ಅವರನ್ನು ಆಫ್ರಿಕಕ್ಕೆ ಕಳುಹಿಸಬೇಕು ಎಂಬುದು ಜಡ್ಸನ್‌ರ ನಿಲುವಾಗಿತ್ತೆಂದು ಮೇ ಅವರು 1869ರ ತಮ್ಮ ನೆನಪಿನ ಕೃತಿಯಲ್ಲಿ ಬರೆದಿದ್ದಾರೆ. ಇದು ಎದುರಾಳಿಯ ಬಗ್ಗೆ ಎದುರಾಳಿಯೇ ಕೊಟ್ಟ ಸಾಕ್ಷ್ಯ ಎಂಬುದನ್ನೂ ನಾವು ಮರೆಯಬಾರದು. ಆದರೆ ಆ ಬಳಿಕ ನಡೆದ ಸಂಗತಿಗಳು ಅದಕ್ಕೆ ಪುಷ್ಟಿ ಕೊಡುತ್ತವೆ.

ಶಾಲೆ ತೆರೆಯಿತು. ಬೋಸ್ಟನ್, ಪ್ರಾವಿಡೆನ್ಸ್, ನ್ಯೂಯಾರ್ಕ್, ಫಿಲಡೆಲ್ಫಿಯಾಗಳಿಂದ ಹುಡುಗಿಯರು ಬಂದರು. ಊರ ಅಂಗಡಿಗಳು ಶಾಲೆಗೆ ಸಾಮಾನು ಮಾರುವುದನ್ನು ನಿಲ್ಲಿಸಿದವು. ಬಾವಿಗೆ ಗೊಬ್ಬರ ಸುರಿಯಲಾಯಿತು. ಕ್ರ್ಯಾಂಡಲ್‌ರ ತಂದೆ ತಮ್ಮ ಹೊಲಮನೆಯಿಂದ ನೀರು ಹೊತ್ತು ತರಬೇಕಾಯಿತು. ಇಗರ್ಜಿಯ ಬಾಗಿಲೂ ಮಕ್ಕಳಿಗೆ ಮುಚ್ಚಿತು. ಸೊತ್ತು ಮತ್ತು ಮಾನದ ಭದ್ರತೆಯ ಬಗ್ಗೆ ಠರಾವು ಬರೆದ ಊರು ಇದು!

ಈ ಘಟ್ಟದಲ್ಲಿ ಒಬ್ಬ ವಿದ್ಯಾರ್ಥಿನಿಯ ಧ್ವನಿ ನಮಗೆ ಕೇಳಿಸುತ್ತದೆ. 1833ರ ಜೂನ್ ತಿಂಗಳ 'ಲಿಬರೇಟರ್'ನಲ್ಲಿ ಆಕೆಯ ಪತ್ರವೊಂದು ಹೆಸರಿಲ್ಲದೆ ಅಚ್ಚಾಗಿದೆ. ಶಾಲೆಯಲ್ಲಿ ಈಗ ಹದಿಮೂರು ಮಂದಿ ಇದ್ದೇವೆ, ಅಂಗಡಿಯವರು ಏನನ್ನೂ ಮಾರುವುದಿಲ್ಲ ಎಂದು ಆಕೆ ತಿಳಿಸುತ್ತಾಳೆ. ಹೊಸ ಕಾನೂನು ಅಂಗೀಕಾರವಾದ ಸುದ್ದಿ ಬಂದ ಸಂಜೆ ಊರಲ್ಲಿ ಗಂಟೆ ಬಾರಿಸಿ ಅರ್ಧ ತಾಸು ಫಿರಂಗಿ ಹಾರಿಸಿದುದನ್ನು ವರದಿ ಮಾಡುತ್ತಾಳೆ. ಈ ಸ್ಥಳ ಬಹಳ ಸುಂದರವಾಗಿದೆ, ನಾಗರಿಕ ಮನುಷ್ಯರು ಮಾತ್ರ ಇಲ್ಲಿ ಕೊರತೆ ಎಂದೂ ಬರೆಯುತ್ತಾಳೆ. ಸಹೋದರರೇ, ಊರ ಸಭೆಯ ಠರಾವನ್ನು ಒಂದು ಕೈಯಲ್ಲಿ, ಈ ಪತ್ರವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳಿ. ಭಯಪಡಬೇಕಾಗಿದ್ದವರು ಯಾರು, ಭಯಪಡಿಸುತ್ತಿದ್ದವರು ಯಾರು ಎಂಬುದು ತಾನಾಗಿ ತಿಳಿಯುತ್ತದೆ.

ಅಧಿಕಾರಿಗಳು ಹಳೆಯ ಅಲೆಮಾರಿ ಕಾನೂನೊಂದನ್ನೂ ಹುಡುಕಿ ತೆಗೆದರು. ಪ್ರಾವಿಡೆನ್ಸ್‌ನಿಂದ ಬಂದಿದ್ದ ಹದಿನೇಳರ ಆನ್ ಎಲೈಜಾ ಹ್ಯಾಮಂಡ್ ಎಂಬ ಹುಡುಗಿಗೆ ನೋಟೀಸು ತಲುಪಿತು. ಊರಿನಲ್ಲಿ ಉಳಿದ ಪ್ರತಿ ವಾರಕ್ಕೂ ದಂಡ. ಅದನ್ನು ಕೊಡದೆ, ಊರನ್ನೂ ಬಿಡದಿದ್ದರೆ ಬೆತ್ತಲೆ ಮೈಮೇಲೆ ಹತ್ತರ ವರೆಗೆ ಛಡಿಯೇಟು. ಇದು ಕಾನೂನಿನ ಪುಸ್ತಕದಲ್ಲಿದ್ದ ಶಿಕ್ಷೆ. ಮೇ ಮತ್ತು ಅವರ ಸ್ನೇಹಿತರು ಜಾಮೀನು ಕೊಡಲು ಮುಂದೆ ಬಂದರು. ಛಡಿಯೇಟು ಬೀಳಲಿಲ್ಲ. ಆದರೆ ಏಟು ತಿನ್ನಬೇಕಾಗಿ ಬಂದರೂ ತಿನ್ನುವೆನೆಂಬ ಧೈರ್ಯವನ್ನು ಆ ಹುಡುಗಿ ತೋರಿದಳೆಂಬುದು ಮೇ ಅವರ ಬರಹದಿಂದ ತಿಳಿಯುತ್ತದೆ.

1833ರ ಮೇ 24ರಂದು ಶಾಸನಸಭೆ ಅಂಗೀಕರಿಸಿದ ಕಾನೂನನ್ನು ಇತಿಹಾಸವು 'ಕಪ್ಪು ಕಾನೂನು' ಎಂದೇ ಕರೆಯುತ್ತದೆ. ರಾಜ್ಯದ ಹೊರಗಿನ ಕಪ್ಪುವರ್ಣೀಯರಿಗೆ ಕಲಿಸುವ ಶಾಲೆಯನ್ನು ಊರ ಅಧಿಕಾರಿಗಳ ಬಹುಮತದ ಲಿಖಿತ ಒಪ್ಪಿಗೆಯಿಲ್ಲದೆ ನಡೆಸಕೂಡದು, ಅಂತಹ ವಿದ್ಯಾರ್ಥಿಗಳಿಗೆ ವಸತಿ ಕೊಡಕೂಡದು. ಮೊದಲ ತಪ್ಪಿಗೆ 100 ಡಾಲರ್, ಎರಡನೆಯದಕ್ಕೆ 200, ಹೀಗೆ ದಂಡ ಇಮ್ಮಡಿಯಾಗುತ್ತಾ ಹೋಗುತ್ತದೆ. ಕಪ್ಪು ಜನರ ಶಿಕ್ಷಣವನ್ನೇ ನಿಷೇಧಿಸುತ್ತೇವೆಂದು ಈ ಕಾನೂನು ಹೇಳಲಿಲ್ಲ. ಒಪ್ಪಿಗೆ ಪಡೆದುಕೊಳ್ಳಿ ಎಂದಷ್ಟೇ ಹೇಳಿತು. ಒಪ್ಪಿಗೆ ಕೊಡಬೇಕಾದವರು ಅದೇ ಊರವರು.

ಜೂನ್ 27ರಂದು ಕ್ರ್ಯಾಂಡಲ್‌ರ ಬಂಧನವಾಯಿತು. ಒಂದು ರಾತ್ರಿಯನ್ನು ಅವರು ಜೈಲಿನಲ್ಲಿ ಕಳೆದರು. ಆಗಸ್ಟ್‌ನಲ್ಲಿ ವಿಚಾರಣೆ ನಡೆದಾಗ ಸ್ವತಃ ವಿದ್ಯಾರ್ಥಿನಿಯರನ್ನೇ ಸಾಕ್ಷಿಗಳಾಗಿ ಕರೆಯಲಾಯಿತು. ತಮ್ಮ ಶಿಕ್ಷಕಿಯ ವಿರುದ್ಧ, ತಾವು ಕಲಿತದ್ದೇ ಅಪರಾಧವೆಂಬುದಕ್ಕೆ ಅವರು ಸಾಕ್ಷ್ಯ ನುಡಿಯಬೇಕಿತ್ತು. ಕೆಲವರು ಉತ್ತರಿಸಲು ನಿರಾಕರಿಸಿದರು. ಜ್ಯೂರಿಯ ಸದಸ್ಯರಲ್ಲಿ ಏಳು ಮಂದಿ ಶಿಕ್ಷೆಯ ಪರ, ಐವರು ವಿರುದ್ಧ; ಒಮ್ಮತ ಬರಲಿಲ್ಲ. ಅಕ್ಟೋಬರ್‌ನಲ್ಲಿ ಎರಡನೆಯ ವಿಚಾರಣೆ. ಸ್ವತಂತ್ರ ಕಪ್ಪುವರ್ಣೀಯರೂ ಈ ದೇಶದ ನಾಗರಿಕರು, ಒಂದು ರಾಜ್ಯದ ನಾಗರಿಕನಿಗಿರುವ ಹಕ್ಕು ಇನ್ನೊಂದು ರಾಜ್ಯದಲ್ಲೂ ಉಂಟೆಂದು ಸಂವಿಧಾನ ಹೇಳುತ್ತದೆ ಎಂದು ಆಕೆಯ ವಕೀಲರು ವಾದಿಸಿದರು. ಕಪ್ಪುವರ್ಣೀಯರು ಸಂವಿಧಾನದ ಅರ್ಥದಲ್ಲಿ ನಾಗರಿಕರಲ್ಲ ಎಂದು ನ್ಯಾಯಾಧೀಶ ಡೇವಿಡ್ ಡ್ಯಾಗೆಟ್ ಜ್ಯೂರಿಗೆ ತಿಳಿಸಿದರು. ಕ್ರ್ಯಾಂಡಲ್ ಅಪರಾಧಿ ಎಂದಾಯಿತು.

1834ರ ಜುಲೈಯಲ್ಲಿ ಮೇಲಿನ ನ್ಯಾಯಾಲಯವು ಆ ತೀರ್ಪನ್ನು ರದ್ದುಪಡಿಸಿತು. ಆದರೆ ಯಾವ ಕಾರಣಕ್ಕೆ? ಆರೋಪಪತ್ರದಲ್ಲಿ, ಶಾಲೆಯು ಒಪ್ಪಿಗೆಯಿಲ್ಲದೆ ನಡೆಯುತ್ತಿತ್ತು ಎಂಬ ಅಂಶ ಸರಿಯಾಗಿ ಬರೆದಿಲ್ಲ ಎಂಬ ತಾಂತ್ರಿಕ ಕಾರಣಕ್ಕೆ. ಈ ಹುಡುಗಿಯರು ನಾಗರಿಕರೇ ಅಲ್ಲವೇ ಎಂಬ ಪ್ರಶ್ನೆಯನ್ನು ನ್ಯಾಯಾಲಯ ಮುಟ್ಟಲಿಲ್ಲ. ಮುಟ್ಟದೆ ಬಿಟ್ಟ ಪ್ರಶ್ನೆ ಅಲ್ಲಿಗೇ ಸಾಯಲಿಲ್ಲ. 1857ರಲ್ಲಿ ಡ್ರೆಡ್ ಸ್ಕಾಟ್ ಮೊಕದ್ದಮೆಯಲ್ಲಿ, ಕಪ್ಪುವರ್ಣೀಯರು ಅಮೇರಿಕದ ನಾಗರಿಕರಾಗಲಾರರು ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಾಗ, ಕನೆಕ್ಟಿಕಟ್‌ನ ಈ ಕಾನೂನನ್ನೂ ಡ್ಯಾಗೆಟ್‌ರ ಅಭಿಪ್ರಾಯವನ್ನೂ ಆಧಾರವಾಗಿ ಎತ್ತಿಕೊಂಡಿತು. ಸಣ್ಣ ಊರಿನ ಶಾಲೆಯೊಂದಕ್ಕೆ ಬಗೆದ ಅನ್ಯಾಯವು ಇಪ್ಪತ್ತನಾಲ್ಕು ವರ್ಷಗಳ ಬಳಿಕ ಇಡೀ ಜನಾಂಗದ ವಿರುದ್ಧ ಪುರಾವೆಯಾಗಿ ಬಳಕೆಯಾಯಿತು. 1868ರ ಸಂವಿಧಾನ ತಿದ್ದುಪಡಿಯ ತನಕ ಆ ತೀರ್ಪಿನ ನೆರಳು ಸರಿಯಲಿಲ್ಲ.

ಕಾನೂನಿನಿಂದ ಆಗದ್ದನ್ನು ಕತ್ತಲೆಯಲ್ಲಿ ಮಾಡಿದರು. 1834ರ ಸೆಪ್ಟೆಂಬರ್ 9ರ ರಾತ್ರಿ ಗುಂಪೊಂದು ಶಾಲೆಯ ಮೇಲೆ ಎರಗಿ ಕಿಟಕಿಗಳನ್ನು ಪುಡಿಗೈದಿತು. ಒಳಗೆ ಹುಡುಗಿಯರಿದ್ದರು. ಮರುದಿನ ಅವರಿಗೆ ಶಾಲೆ ಮುಚ್ಚಿದೆಯೆಂದು ತಿಳಿಸಲಾಯಿತು.

ಇನ್ನು, ಇದರಿಂದ ನಾವು ಕಲಿಯಬೇಕಾದುದೇನು? ಮೊದಲನೆಯದಾಗಿ, ಶಾಲೆ ಮುಚ್ಚಿಸಿದವರು ಅನಕ್ಷರಸ್ಥ ಪುಂಡರಲ್ಲ. ಕಿಟಕಿ ಒಡೆದ ಕೈಗಳು ಕೊನೆಗೆ ಬಂದವು. ಅದಕ್ಕೂ ಮುನ್ನ ಠರಾವು, ಕಾನೂನು, ತೀರ್ಪುಗಳನ್ನು ಬರೆದ ಕೈಗಳಿದ್ದವು. ಡ್ಯಾಗೆಟ್ ಯೇಲ್‌ನಲ್ಲಿ ಕಾನೂನು ಬೋಧಿಸಿದ ವಿದ್ವಾಂಸರು. ಜಡ್ಸನ್ ಮುಂದೆ ಕೇಂದ್ರ ನ್ಯಾಯಾಧೀಶರಾದರು. 1840ರಲ್ಲಿ 'ಅಮಿಸ್ಟಾಡ್' ಹಡಗಿನ ಆಫ್ರಿಕನ್ ಬಂದಿಗಳು ಅವರ ಮುಂದೆ ಬಂದಾಗ, ಇವರು ಗುಲಾಮರಲ್ಲ, ಇವರನ್ನು ಆಫ್ರಿಕಕ್ಕೆ ಮರಳಿಸಬೇಕು ಎಂದು ತೀರ್ಪಿತ್ತವರೂ ಅವರೇ. ಆಫ್ರಿಕಕ್ಕೆ ಹೊರಟವನಿಗೆ ನ್ಯಾಯ ಕೊಡಬಲ್ಲ ಮನುಷ್ಯನಿಗೆ, ತನ್ನ ಊರಿನಲ್ಲೇ ಉಳಿದು ಕಲಿಯಬೇಕೆಂದ ಹುಡುಗಿಯನ್ನು ಸಹಿಸಲಾಗಲಿಲ್ಲ. ಪೂರ್ವಾಗ್ರಹವು ವಿದ್ಯೆಯಿಂದ ತಾನಾಗಿ ಕರಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ.

ಎರಡನೆಯದಾಗಿ, ಕಡತಗಳು ಉಳಿದದ್ದರಿಂದಲೇ ಇಂದು ಈ ಕಥೆ ನಮ್ಮ ತನಕ ತಲುಪಿದೆ. 1838ರಲ್ಲಿ ಆ ಕಾನೂನನ್ನು ರದ್ದುಪಡಿಸಲಾಯಿತು. 1886ರಲ್ಲಿ ಕ್ಯಾಂಟರ್ಬರಿಯ ನಾಗರಿಕರೇ ಸಹಿ ಮಾಡಿ ಮನವಿ ಸಲ್ಲಿಸಿದ ಮೇರೆಗೆ, ದೂರದ ಕಾನ್ಸಸ್‌ನಲ್ಲಿ ಬಡತನದಲ್ಲಿ ಬದುಕುತ್ತಿದ್ದ ವೃದ್ಧೆ ಕ್ರ್ಯಾಂಡಲ್‌ರಿಗೆ ರಾಜ್ಯವು ವರ್ಷಕ್ಕೆ 400 ಡಾಲರ್ ಪಿಂಚಣಿ ಮಂಜೂರು ಮಾಡಿತು. 1890ರಲ್ಲಿ ಅವರು ತೀರಿಕೊಂಡರು. ಆ ಶಾಲೆಯ ಮನೆಯನ್ನು ರಾಜ್ಯವೇ ಖರೀದಿಸಿ 1984ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಸ್ಯಾಮುಯೆಲ್ ಮೇ ಜೀವಮಾನವಿಡೀ ಕೂಡಿಟ್ಟ ಕರಪತ್ರ, ಪುಸ್ತಿಕೆಗಳನ್ನು 1870ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯಕ್ಕೆ ಕೊಟ್ಟರು. ಸಾರಾ ಹ್ಯಾರಿಸ್ 1833ರಲ್ಲೇ ಜಾರ್ಜ್ ಫೇಯರ್‌ವೆದರ್ ಎಂಬವರನ್ನು ಮದುವೆಯಾದಳು. ತನ್ನ ಮೊದಲ ಮಗಳಿಗೆ ಪ್ರೂಡೆನ್ಸ್ ಕ್ರ್ಯಾಂಡಲ್ ಎಂದೇ ಹೆಸರಿಟ್ಟಳು. ಶಿಕ್ಷಕಿಯೊಂದಿಗೆ ಪತ್ರವ್ಯವಹಾರವನ್ನು ಉಳಿಸಿಕೊಂಡಳು. ಆ ಕುಟುಂಬದ ಕಾಗದಪತ್ರಗಳು ಇಂದು ರೋಡ್ ಐಲೆಂಡ್ ವಿಶ್ವವಿದ್ಯಾನಿಲಯದ ಸಂಗ್ರಹದಲ್ಲಿವೆ.

ಹೀಗಿದ್ದೂ ತೂಗಿ ನೋಡಿದರೆ, ನ್ಯಾಯಾಧೀಶರ ಮಾತುಗಳು ಪುಟಗಟ್ಟಲೆ ಇವೆ, ಹುಡುಗಿಯರ ಮಾತುಗಳು ಕೆಲವೇ ಹಾಳೆಗಳಷ್ಟಿವೆ. ಎಷ್ಟೋ ಹುಡುಗಿಯರ ಹೆಸರನ್ನು ಸಂಶೋಧಕರು ನ್ಯಾಯಾಲಯದ ಕಾಗದಗಳಿಂದ, ಪತ್ರಿಕೆಯ ಮೂಲೆಗಳಿಂದ ಹೆಕ್ಕಿ ತೆಗೆಯಬೇಕಾಯಿತು. ತಮ್ಮನ್ನು ಓಡಿಸಲು ಹೊರಟವರ ಕಡತದಲ್ಲೇ ಅವರ ಹೆಸರು ಉಳಿಯಿತು.

ಆದ್ದರಿಂದ ಇಲ್ಲಿ ನೆರೆದಿರುವ ಹೆತ್ತವರಲ್ಲಿ, ಶಾಲಾ ಸಮಿತಿಗಳಲ್ಲಿರುವ ಹಿರಿಯರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಶಾಲೆಯ ದಾಖಲಾತಿ ಪುಸ್ತಕ, ಮಕ್ಕಳ ಹಾಜರಿ, ಅವರು ಬರೆದ ಪ್ರಬಂಧ, ಕೊಟ್ಟ ಅರ್ಜಿ, ಬಂದ ಉತ್ತರ, ಇವುಗಳನ್ನು ಗೆದ್ದಲಿಗೂ ರದ್ದಿಯವನಿಗೂ ಕೊಡಬೇಡಿ. ಮನೆಯಲ್ಲಿ ಹೆಣ್ಮಕ್ಕಳು ತಾವು ಕಂಡದ್ದನ್ನು, ಕಲಿತದ್ದನ್ನು ತಮ್ಮ ಕೈಯಾರೆ ಬರೆದು, ತಾರೀಕು ಹಾಕಿ ಇಡುವ ರೂಢಿ ಬೆಳೆಸಿ. ಊರಿನ ಹಿತ, ಶಾಂತಿ ಸುವ್ಯವಸ್ಥೆ ಎಂಬ ತಲೆಬರಹದೊಂದಿಗೆ ಯಾವುದಾದರೂ ಠರಾವು ಸಹಿಗಾಗಿ ನಿಮ್ಮ ಮುಂದೆ ಬಂದಾಗ, ಅದು ಯಾವ ಸಮುದಾಯದ ಮಕ್ಕಳ ಕುರಿತಾದರೂ ಸರಿ, ಸಹಿ ಹಾಕುವ ಮುನ್ನ ಆ ಮಕ್ಕಳ ಮಾತನ್ನು ಒಮ್ಮೆ ಕೇಳಿ. ಕ್ಯಾಂಟರ್ಬರಿಯ ಸಭೆಯಲ್ಲಿ ಅದೊಂದು ಕೆಲಸವನ್ನು ಯಾರೂ ಮಾಡಲಿಲ್ಲ.